ಕೊನೆಯ ಪುಟದ ದರ್ಜಿ

ಸರ್ಕಾರಿ ವಕೀಲರು ಕೋರ್ಟಿನಲ್ಲಿ ಎದ್ದು ನಿಂತು ಗಂಟಲು ಸರಿಮಾಡಿಕೊಂಡರೆ ಸಾಕು, ಕಟಕಟೆಯಲ್ಲಿದ್ದವನಿಗೆ ಮಾಡದ ತಪ್ಪೂ ನೆನಪಾಗುತ್ತಿತ್ತು. ಅದೇ ಗಂಟಲನ್ನು ಅವರು ಮನೆಯಲ್ಲಿ ಸರಿಮಾಡಿಕೊಂಡರೆ, "ಬಿಸಿನೀರು ಕುಡೀರಿ" ಎಂಬ ತೀರ್ಪು ಅಡುಗೆಮನೆಯಿಂದ ಹೊರಬೀಳುತ್ತಿತ್ತು. ಮನೆಯಲ್ಲಿ ಹುಲಿ, ಬೀದಿಯಲ್ಲಿ ಇಲಿ ಎಂದು ಗಾದೆ ಮಾಡಿದವರು ಇವರ ಮನೆಗೆ ಬಂದಿರಲಿಲ್ಲ. ಇಲ್ಲಿ ಎಲ್ಲವೂ ತಿರುಗಾಮುರುಗಾ. ಕೊಲೆಗಾರರಿಗೆ ಜೀವಾವಧಿ ಕೊಡಿಸಿದ ಮನುಷ್ಯನಿಗೆ ಸ್ವಂತ ಮನೆಯ ಟೀವಿಯಲ್ಲಿ ಯಾವ ಚಾನೆಲ್ ಬರಬೇಕು ಎಂಬ ವಾದವನ್ನು ಇವತ್ತಿನವರೆಗೆ ಗೆಲ್ಲಲಾಗಿಲ್ಲ.

ಅವರ ಹೆಂಡತಿ ಓದುಗರ ಬಳಗದ ಅಧ್ಯಕ್ಷೆ. ಬಳಗ ಓದುವುದು ಪತ್ತೇದಾರಿ ಕಾದಂಬರಿಗಳನ್ನು ಮಾತ್ರ. (ಒಮ್ಮೆ ಯಾರೋ ಕವನ ಸಂಕಲನ ತಂದಿದ್ದರು. ಕೊನೆಯವರೆಗೂ ಯಾರೂ ಸಾಯಲಿಲ್ಲ ಎಂದು ಎಲ್ಲರಿಗೂ ಬೇಸರವಾಯಿತು.) ಬಳಗಕ್ಕೊಂದು ಪದ್ಧತಿ ಉಂಟು. ಪುಸ್ತಕವನ್ನು ಎಲ್ಲರೂ ಅರ್ಧದವರೆಗೆ ಮಾತ್ರ ಓದಬೇಕು. ಉಳಿದರ್ಧವನ್ನು ಅಧ್ಯಕ್ಷೆಯವರು ಪ್ರತಿಯೊಬ್ಬರ ಪ್ರತಿಯಲ್ಲೂ ಹೊಲಿಗೆ ದಾರದಿಂದ ಬಿಗಿದು ಕಟ್ಟಿಯೇ ಹಂಚುತ್ತಾರೆ. ತಿಂಗಳ ಕೊನೆಯ ಭಾನುವಾರ ಎಲ್ಲರೂ ಸೇರಿ, ಕೊಲೆಗಾರ ಯಾರೆಂದು ಒಬ್ಬೊಬ್ಬರೂ ಹೇಳಿದ ಮೇಲೆ ದಾರ ಕತ್ತರಿಸಿ ಕೊನೆಯ ಅಧ್ಯಾಯವನ್ನು ಗಟ್ಟಿಯಾಗಿ ಓದುವುದು. ಅಧ್ಯಕ್ಷೆಯ ಊಹೆ ಈವರೆಗೆ ತಪ್ಪಿದ್ದಿಲ್ಲ.

ಈ ಸಲದ ಕಾದಂಬರಿಯ ನಾಯಕನೇ ಒಬ್ಬ ಸರ್ಕಾರಿ ವಕೀಲ. ಗಿರಣಿ ಮಾಲೀಕನೊಬ್ಬನ ಕೊಲೆಯಾಗಿದೆ, ಪೊಲೀಸರ ಮೇಲೆ ನಂಬಿಕೆಯಿಲ್ಲದ ನಾಯಕ ತಾನೇ ತನಿಖೆಗೆ ಇಳಿದಿದ್ದಾನೆ. ಓದುಗರ ಅಭಿಪ್ರಾಯಗಳು ಹೆಂಡತಿಯ ಫೋನಿಗೆ ಧ್ವನಿರೂಪದಲ್ಲಿ ಬಂದು ಬೀಳತೊಡಗಿದವು. ಆಕೆ ಫೋನನ್ನು ಊಟದ ಮೇಜಿನ ಮೇಲಿಟ್ಟು ಅವನ್ನು ಜೋರಾಗಿ ಕೇಳಿಸುತ್ತಿದ್ದರು.

ಮೊದಲನೆಯದು ಔಷಧಿ ಅಂಗಡಿಯಾಕೆಯದು. "ಅಧ್ಯಕ್ಷರೇ, ಇಂಥ ಪೆದ್ದ ಪ್ರಾಸಿಕ್ಯೂಟರ್ ಪ್ರಪಂಚದಲ್ಲೇ ಇರೋಕೆ ಸಾಧ್ಯ ಇಲ್ಲ. ಯಾರ್ಯಾರ ಮೇಲೆ ಅನುಮಾನ ಇದೆಯೋ ಅವರ ಮನೇಲೆಲ್ಲ ಕೂತು ಕಾಫಿ ಕುಡೀತಾನೆ. ಕನ್ನಡಕ ಹಣೆ ಮೇಲಿಟ್ಕೊಂಡು ಮನೆಯೆಲ್ಲ ಹುಡುಕ್ತಾನೆ. ಲೇಖಕರಿಗೆ ಹತ್ತಕ್ಕೆ ಎರಡೇ ಅಂಕ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಸರ್ಕಾರಿ ವಕೀಲರ ಕೈ ತಾನಾಗಿಯೇ ಹಣೆಗೆ ಹೋಯಿತು. ಕನ್ನಡಕ ಅಲ್ಲೇ ಇತ್ತು.

ಎರಡನೆಯದು ನಿವೃತ್ತ ಹೆಡ್‌ಮಾಸ್ತರರದು. "ಕಾಗದಪತ್ರ ಪೂರ್ತಿ ಓದದೇನೇ ತೀರ್ಮಾನಕ್ಕೆ ಬಂದ್ಬಿಡ್ತಾನಲ್ಲಮ್ಮ! ನನ್ನ ಕ್ಲಾಸಲ್ಲಿದ್ದಿದ್ರೆ ಬೆಂಚಿನ ಮೇಲೆ ನಿಲ್ಲಿಸ್ತಿದ್ದೆ. ಪಾತ್ರ ಸಹಜವಾಗಿಲ್ಲ."

"ಬಹಳ ಸರಿ," ಎಂದರು ವಕೀಲರು, ಮೇಜು ಗುದ್ದಿ. "ಇದು ನಮ್ಮ ಇಡೀ ವೃತ್ತಿಗೆ ಮಾಡಿರೋ ಅವಮಾನ. ಆ ಲೇಖಕ ಒಬ್ಬ ನಿಜವಾದ ಪ್ರಾಸಿಕ್ಯೂಟರನ್ನ ಕಣ್ಣಲ್ಲಾದ್ರೂ ನೋಡಿದಾನಾ?"

"ನನಗೇನೋ ಪಾತ್ರ ಸಹಜವಾಗೇ ಇದೆ ಅನ್ಸತ್ತೆ," ಎಂದರು ಹೆಂಡತಿ.

"ನಿನಗೆ ಹೇಗೆ ಗೊತ್ತು?"

"ಹಾಗೇ. ಅನ್ಸತ್ತೆ."

ಮೂರನೆಯ ಅಭಿಪ್ರಾಯ ಫೋನಿನಲ್ಲಿ ಬರಲಿಲ್ಲ, ಪಕ್ಕದ ಕುರ್ಚಿಯಿಂದ ಬಂತು. ಅದು ವಕೀಲರ ಅತ್ತೆಯವರದು, ಅಂದರೆ ಹೆಂಡತಿಯ ತಾಯಿಯದು. "ಪಾಪ, ಕತೇಲಿರೋ ಆ ವಕೀಲ ಹೆಂಡತಿ ಮಾತು ಕೇಳಿದ್ರೆ ಮೂರನೇ ಅಧ್ಯಾಯದಲ್ಲೇ ಕೊಲೆಗಾರ ಸಿಗ್ತಿದ್ದ. ಕೇಳಲ್ಲ, ಏನ್ಮಾಡೋದು. ಅಳಿಯಂದ್ರೇ, ಇನ್ನೊಂದು ಸ್ವಲ್ಪ ಅನ್ನ?"

ಜಗಳ ಹೀಗೆ ನಾಲ್ಕು ದಿನ ನಡೆದು, ಕೊನೆಗೆ ಅಧ್ಯಕ್ಷೆಯವರು ಒಂದು ದಾರಿ ಹುಡುಕಿದರು. "ನೀವೇ ಭಾನುವಾರ ಬಂದ್ಬಿಡಿ. ಇಂಥ ಪ್ರಾಸಿಕ್ಯೂಟರ್ ಇರೋಕೆ ಸಾಧ್ಯವೋ ಇಲ್ವೋ, ತಜ್ಞರ ಸಾಕ್ಷಿ ಆದ ಮೇಲೆ ಬಳಗ ಮತ ಹಾಕತ್ತೆ. ಆದ್ರೆ ಪುಸ್ತಕ ಓದ್ಕೊಂಡು ಬರಬೇಕು. ಅರ್ಧ ಮಾತ್ರ."

ವಕೀಲರಿಗೆ ಇಂಥ ಅವಕಾಶ ಮತ್ತೆ ಸಿಗುತ್ತದೆಯೇ? ಹೆಂಡತಿಯ ಎದುರಿಗೆ, ಅತ್ತೆಯ ಎದುರಿಗೆ, ಸಭಿಕರ ಸಮಕ್ಷಮದಲ್ಲಿ ಒಂದೇ ಒಂದು ಸಲ ತಮ್ಮ ಮಾತು ಸರಿ ಎನ್ನಿಸಿಕೊಳ್ಳಬೇಕು. ವೃತ್ತಿಯ ಮಾನ ಉಳಿಸಬೇಕು. ಸಾಧ್ಯವಾದರೆ ಕೊಲೆಗಾರನನ್ನೂ ಹಿಡಿದು, ಅಧ್ಯಕ್ಷೆಯ ತಪ್ಪದ ಊಹೆಯನ್ನು ಒಮ್ಮೆ ತಪ್ಪಿಸಬೇಕು. ಆ ಆಸೆ ಹೊಟ್ಟೆಯೊಳಗೆ ಬೆಚ್ಚಗೆ ಕೂತಿತು.

ಓದುವುದೊಂದು ಮಾತ್ರ ಆಗಲಿಲ್ಲ. ಪುಸ್ತಕ ಕಡತಗಳ ಜೊತೆ ದಿನವೂ ಕೋರ್ಟಿಗೆ ಹೋಗಿ, ಕಡತಗಳ ಜೊತೆಯಲ್ಲೇ ವಾಪಸು ಬಂತು. ಭಾನುವಾರ ಬೆಳಿಗ್ಗೆ ಹೆಂಡತಿ ಸ್ನಾನಕ್ಕೆ ಹೋದಾಗ ವಕೀಲರು ಅದನ್ನು ಮೊದಲ ಸಲ ತೊಡೆಯ ಮೇಲಿಟ್ಟುಕೊಂಡರು.

ಇಲ್ಲಿ ವಕೀಲರ ಒಂದು ಅಭ್ಯಾಸ ಹೇಳಬೇಕು. ತೀರ್ಪಿನ ಪ್ರತಿ ಕೈಗೆ ಬಂದರೆ ಯಾವ ವಕೀಲರೂ ಮೊದಲ ಪುಟದಿಂದ ಓದುವುದಿಲ್ಲ. ಸೀದಾ ಕೊನೆಯ ಪುಟ. ಗೆದ್ದವರು ಯಾರು, ಬಿದ್ದವರು ಯಾರು ಎಂಬುದು ಅಲ್ಲಿರುತ್ತದೆ, ಮಿಕ್ಕಿದ್ದೆಲ್ಲ ಅದಕ್ಕೆ ಕಾರಣ. ಇನ್ನು ದಾರದ ಮಾತು. ಇಷ್ಟು ವರ್ಷ ದಾರ ಕಟ್ಟಿದ ಕಡತಗಳನ್ನೇ ಬಿಚ್ಚಿದ ಬೆರಳುಗಳು ಅವು. ದಾರ ಕಂಡಿತು, ಬಿಚ್ಚಿದವು. ಬಿಚ್ಚಿದ್ದು ಗೊತ್ತಾಗುವ ಹೊತ್ತಿಗೆ ಕಣ್ಣು ಕೊನೆಯ ಪುಟದ ಮೇಲಿತ್ತು.

ಕೊನೆಯ ಪುಟದಲ್ಲಿ ಒಬ್ಬ ದರ್ಜಿ ಎಡಗಾಲು ಎಳೆಯುತ್ತ ಪ್ರಾಸಿಕ್ಯೂಟರನ ಕೋಣೆಗೆ ಬಂದು, ಕತ್ತರಿಯನ್ನು ಮೇಜಿನ ಮೇಲಿಟ್ಟು, "ಕೊಂದವನು ನಾನೇ ಸ್ವಾಮಿ" ಎನ್ನುತ್ತಾನೆ. ಅಲ್ಲಿಗೆ ಮುಗಿಯಿತು.

ತಪ್ಪು ಮಾಡಿದೆನಲ್ಲ ಎಂದು ವಕೀಲರ ಮನಸ್ಸು ಒಂದು ಕ್ಷಣ ಕುಟುಕಿತು. ಎರಡನೆಯ ಕ್ಷಣದಲ್ಲಿ ಹೆಂಡತಿಯ ಸೋತ ಮುಖ ಕಣ್ಣ ಮುಂದೆ ಬಂತು. ಮೂರನೆಯ ಕ್ಷಣದಲ್ಲಿ ಅವರು ದಾರವನ್ನು ಮತ್ತೆ ಬಿಗಿಯಾಗಿ ಕಟ್ಟಿ, ಶಿಳ್ಳೆ ಹಾಕುತ್ತ ಬಟ್ಟೆ ಬದಲಿಸಿದರು.

ಸಭೆ ಸೇರಿದ್ದು ಔಷಧಿ ಅಂಗಡಿಯ ಮಹಡಿಯಲ್ಲಿ, ಕೆಮ್ಮಿನ ಔಷಧಿಯ ಪೆಟ್ಟಿಗೆಗಳ ನಡುವೆ. ಊಹೆಗಳು ಶುರುವಾದವು. ಔಷಧಿ ಅಂಗಡಿಯಾಕೆ ಗಿರಣಿ ಮಾಲೀಕನ ಭಾವಮೈದುನನನ್ನು ಹಿಡಿದಳು. ಹೆಡ್‌ಮಾಸ್ತರರು ಡಾಕ್ಟರನ್ನು ಹಿಡಿದರು. ಅತ್ತೆಯವರು ಎರಡನೆಯ ಹೆಂಡತಿಯನ್ನು ಬಿಡಲಿಲ್ಲ. ಅಧ್ಯಕ್ಷೆಯವರು ಸಾವಧಾನವಾಗಿ, "ನನ್ನ ಪ್ರಕಾರ ಮಾಲೀಕನ ಮಾವ" ಎಂದರು.

"ತಜ್ಞರು ಏನಂತಾರೆ?"

ವಕೀಲರು ಎದ್ದರು. ಗಂಟಲು ಸರಿಮಾಡಿಕೊಂಡರು. (ಬಿಸಿನೀರಿನ ಮಾತು ಯಾರೂ ಎತ್ತಲಿಲ್ಲ.) "ಮಾನ್ಯರೇ, ಮೊದಲ ಅಧ್ಯಾಯ ಓದುವಾಗಲೇ ನನ್ನ ಅನುಭವ ನನಗೆ ಹೇಳಿತು. ಕೊಲೆಗಾರ ಬೇರೆ ಯಾರೂ ಅಲ್ಲ, ದರ್ಜಿ!"

ಎಲ್ಲರೂ ತಂತಮ್ಮ ಪ್ರತಿಯಲ್ಲಿ ಓದಿದ ಅರ್ಧವನ್ನು ಮತ್ತೆ ತಿರುವಿ ನೋಡಿದರು.

"ಯಾವ ದರ್ಜಿ?" ಎಂದಳು ಔಷಧಿ ಅಂಗಡಿಯಾಕೆ.

"ಅದೇ... ದರ್ಜಿ."

"ಈ ಪುಸ್ತಕದಲ್ಲಿ ದರ್ಜಿನೇ ಇಲ್ವಲ್ಲ ಸಾರ್!"

ಇನ್ನೊಬ್ಬರಾಗಿದ್ದರೆ ಅಲ್ಲೇ ಕುಸಿದು ಕೂರುತ್ತಿದ್ದರು. ಆದರೆ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಸಾಧಿಸಿಯೇ ಸಂಬಳ ತೆಗೆದುಕೊಳ್ಳುವ ಜನ ಅವರು. "ಅದೇ ವಿಷಯ!" ಎಂದು ಗುಡುಗಿದರು. "ಇಲ್ಲ! ಯಾಕಿಲ್ಲ? ಗಿರಣಿ ಇದೆ. ಗಿರಣಿಯಲ್ಲಿ ಬಟ್ಟೆ ಇದೆ. ಬಟ್ಟೆ ಇದ್ದ ಮೇಲೆ ಹೊಲಿಯುವವನೊಬ್ಬ ಇರಲೇಬೇಕು ತಾನೇ? ಇರಬೇಕಾದವನನ್ನು ಲೇಖಕರು ಯಾಕೆ ತೋರಿಸ್ತಾ ಇಲ್ಲ? ಬಚ್ಚಿಡ್ತಾ ಇದ್ದಾರೆ! ನಿರಪರಾಧಿಯನ್ನ ಯಾರಾದರೂ ಬಚ್ಚಿಡ್ತಾರಾ?"

"ಅದು ಹಿಟ್ಟಿನ ಗಿರಣಿ ಅಳಿಯಂದ್ರೇ," ಎಂದರು ಅತ್ತೆ.

"ಹಿಟ್ಟಾದರೇನು? ಹಿಟ್ಟು ತುಂಬೋಕೆ ಚೀಲ ಬೇಡವೇ? ಚೀಲಕ್ಕೆ ಹೊಲಿಗೆ ಬೇಡವೇ?"

ಜಟ್ಟಿ ನೆಲಕ್ಕೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದರೆ ಇದು. ಆಶ್ಚರ್ಯವೆಂದರೆ, ಹೆಡ್‌ಮಾಸ್ತರರ ತಲೆ ನಿಧಾನವಾಗಿ ಮೇಲೆ ಕೆಳಗೆ ಆಡತೊಡಗಿತು. "ಹೌದಲ್ಲ, ಚೀಲ! ನನಗೆ ಹೊಳೀಲೇ ಇಲ್ಲ. ಡಾಕ್ಟರನ್ನ ಬಿಟ್ಬಿಡ್ತೀನಿ ಅಧ್ಯಕ್ಷರೇ, ನಂದೂ ದರ್ಜಿ." ಔಷಧಿ ಅಂಗಡಿಯಾಕೆಯೂ ಭಾವಮೈದುನನನ್ನು ಖುಲಾಸೆ ಮಾಡಿದಳು. ವಕೀಲರು ಉಬ್ಬಿಹೋದರು. ಉಬ್ಬಿದ್ದರಲ್ಲಿ ಬಾಯಿ ತುಸು ಜಾರಿತು: "ಅವನು ಎಡಗಾಲು ಎಳೀತಾ ಬಂದು ಒಪ್ಪಿಕೊಳ್ತಾನೆ, ನೋಡ್ತಾ ಇರಿ."

ಹೆಂಡತಿ ತಲೆಯೆತ್ತಿ ನೋಡಿದರು. "ಎಡಗಾಲೇ? ಅಷ್ಟು ಖಚಿತವಾಗಿ ಹೇಗೆ ಗೊತ್ತಾಯ್ತು?"

"ಅನುಭವ," ಎಂದರು ವಕೀಲರು, ಕಿಟಕಿಯ ಕಡೆ ನೋಡುತ್ತ.

"ಸರಿ ಹಾಗಾದ್ರೆ. ನಿಮ್ಮ ಪ್ರತಿ ಕೊಡಿ, ಅದರಲ್ಲೇ ಓದೋಣ."

ವಕೀಲರು ಕೊಟ್ಟರು. ಕೊಡದೆ ಇರುವುದು ಆ ಮನೆತನದಲ್ಲಿ ನಡೆದುಬಂದ ಪದ್ಧತಿಯಲ್ಲ. ಅಧ್ಯಕ್ಷೆಯವರು ದಾರವನ್ನು ಬೆರಳಿನಿಂದ ಒಮ್ಮೆ ಮುಟ್ಟಿದರು. ತಾವು ಹಾಕಿದ್ದು ಹೊಲಿಗೆಯ ಪುಟ್ಟ ಗಂಟು. ಅಲ್ಲಿದ್ದದ್ದು ಕಡತಕ್ಕೆ ಹಾಕುವ, ಎಳೆದರೆ ಬಿಚ್ಚಿಕೊಳ್ಳುವ ಜೋಡಿ ಕುಣಿಕೆ. ಆಕೆ ಎಳೆದರು, ಬಿಚ್ಚಿತು. ಕೊನೆಯ ಅಧ್ಯಾಯ ತೆಗೆದು ಗಟ್ಟಿಯಾಗಿ ಓದಿದರು. ಕೊಂದವನು ಮಾವ. ಯಾವ ಸಾಲಿನಲ್ಲೂ ದರ್ಜಿಯ ಸುಳಿವಿಲ್ಲ. ಚೀಲದ ಸುಳಿವೂ ಇಲ್ಲ.

"ಸಾಧ್ಯವೇ ಇಲ್ಲ!" ಎಂದು ವಕೀಲರು ಕೂಗಿದರು. "ನಾನೇ ಕಣ್ಣಾರೆ ನೋ..." ಎಂದವರು ಅಲ್ಲಿಗೇ ನಿಲ್ಲಿಸಿದರು. ಆದರೆ ಸಭೆಯಲ್ಲಿ ಕಿವುಡರು ಯಾರೂ ಇರಲಿಲ್ಲ.

ಅಧ್ಯಕ್ಷೆಯವರು ಪುಟ ತಿರುವಿದರು. ಇನ್ನೊಂದು ತಿರುವಿದರು. ಆಮೇಲೆ ಅವರ ಮುಖದಲ್ಲಿ ನಗು ಒಂದು ಮೂಲೆಯಿಂದ ಹುಟ್ಟಿ ಕಿವಿಯವರೆಗೆ ಹರಿಯಿತು.

"ರೀ, ನಿಮ್ಮ ದರ್ಜಿ ಸಿಕ್ಕಿದ. ಕೇಳಿ ಎಲ್ರೂ. 'ಈ ಲೇಖಕರ ಮುಂದಿನ ಕಾದಂಬರಿಯ ಮೊದಲ ಪುಟಗಳು, ಓದುಗರಿಗಾಗಿ.' ಕತೆ ಬೇರೆ, ಕೊಲೆ ಬೇರೆ. ಪ್ರಾಸಿಕ್ಯೂಟರ್ ಮಾತ್ರ ಅವನೇ. ಅಲ್ಲಿದಾನೆ ದರ್ಜಿ. ಎಡಗಾಲೂ ಇದೆ."

ಮಹಡಿ ನಕ್ಕ ರಭಸಕ್ಕೆ ಕೆಮ್ಮಿನ ಔಷಧಿಯ ಶೀಷೆಗಳು ಕಿಣಿಕಿಣಿ ಎಂದವು. ಅತ್ತೆಯವರು ಸೆರಗಿನಿಂದ ಕಣ್ಣೊರೆಸಿಕೊಂಡರು. ವಕೀಲರಿಗೆ ಆದ ನಾಚಿಕೆ ಅಷ್ಟಿಷ್ಟಲ್ಲ. ಅವರಿಂದ ಕಟಕಟೆಗೆ ಹೋದವರ ಮೇಲೆಲ್ಲ ಮೊದಲ ಸಲ ಅವರಿಗೆ ಕನಿಕರ ಹುಟ್ಟಿತು. ಆದರೂ ಮಾನದ ಮೂಟೆಯಲ್ಲಿ ಉಳಿದದ್ದನ್ನಾದರೂ ಕಾಪಾಡಿಕೊಳ್ಳೋಣವೆಂದು ಎದ್ದು ನಿಂತರು.

"ನಗೋದು ಆಮೇಲೆ. ನನ್ನನ್ನ ಕರೆದದ್ದು ಬೇರೆ ಕೆಲಸಕ್ಕೆ. ಇಂಥ ಪೆದ್ದ ಪ್ರಾಸಿಕ್ಯೂಟರ್ ಇರೋಕೆ ಸಾಧ್ಯವೋ ಇಲ್ಲವೋ ಅನ್ನೋದರ ಬಗ್ಗೆ ನಾನು ಸಾಕ್ಷಿ ಹೇಳಬೇಕು."

"ಬೇಡಿ ಸಾರ್," ಎಂದಳು ಔಷಧಿ ಅಂಗಡಿಯಾಕೆ, ಬಹಳ ವಿನಯದಿಂದ. "ನಮಗೆ ಸಾಕು. ಅಧ್ಯಕ್ಷರೇ, ನನ್ನ ಅಭಿಪ್ರಾಯ ವಾಪಸ್ ತಗೋತೀನಿ. ಪಾತ್ರ ತುಂಬ ಸಹಜವಾಗಿದೆ. ಲೇಖಕರಿಗೆ ಹತ್ತಕ್ಕೆ ಹತ್ತು."

"ನಂದೂ ಹತ್ತು," ಎಂದರು ಹೆಡ್‌ಮಾಸ್ತರರು. "ಲೇಖಕರು ಎಲ್ಲೋ ಹತ್ತಿರದಿಂದಲೇ ನೋಡಿ ಬರೆದಿದಾರೆ."

ಕೈಗಳು ಒಂದೊಂದಾಗಿ ಮೇಲೆದ್ದವು. ಅತ್ತೆಯವರ ಕೈ ಎದ್ದಿತು. ಅಧ್ಯಕ್ಷೆಯವರು ತಮ್ಮ ಕೈ ಎತ್ತುವ ಮೊದಲು, ನಿಂತೇ ಇದ್ದ ಗಂಡನ ಅಂಗಿಯ ತುದಿ ಹಿಡಿದು ಪಕ್ಕದ ಕುರ್ಚಿಯಲ್ಲಿ ಮೆಲ್ಲಗೆ ಕೂರಿಸಿಕೊಂಡರು.

"ಬೇಜಾರು ಮಾಡ್ಕೋಬೇಡಿ," ಎಂದರು ಕಿವಿಯ ಹತ್ತಿರ. "ಪಾತ್ರ ಸಹಜವಾಗಿದೆ ಅಂತ ನಾಲ್ಕು ದಿನ ಬಾಯಿ ನೋಯೋ ಹಾಗೆ ವಾದ ಮಾಡಿದೆ, ಒಬ್ಬರೂ ಒಪ್ಪಲಿಲ್ಲ. ನೀವು ಬಂದು ಅರ್ಧ ಗಂಟೇಲಿ ಎಲ್ರನ್ನೂ ಒಪ್ಪಿಸ್ಬಿಟ್ರಿ."