ಒಂದು ತೊಟ್ಟೂ ಸೋರದ ತಟ್ಟೆ

ಮಗಳಿಗೆ ಎರಡೂವರೆ ವರ್ಷವಾದರೂ ಕಕ್ಕಕ್ಕೆ ಕೂರುವ ಜಾಗ ಯಾವುದೆಂದು ಗೊತ್ತಾಗದಿರುವುದು ಪೆರ್ಲದ ಕೇಶವಪ್ರಸಾದ ಭಟ್ಟನಿಗೆ ಮಾನದ ಪ್ರಶ್ನೆಯಾಗಿತ್ತು. ಹೆಂಡತಿ ಕ್ಷಮಾ ಆನ್‌ಲೈನಿನಲ್ಲಿ ಬಾತುಕೋಳಿ ಆಕಾರದ ಹಳದಿ ಪಾಟಿ, ಅಂದರೆ ಮಕ್ಕಳ ಶೌಚಪೀಠ, ತರಿಸಿದ್ದಳು. ಮಗಳು ಅಮೂಲ್ಯಾ ಅದನ್ನು ಕಂಡು ಕುಣಿದಳು, ಅಪ್ಪಿಕೊಂಡಳು. ಕೂರಲು ಮಾತ್ರ ಸುತರಾಂ ಒಪ್ಪಲಿಲ್ಲ. ಅದರ ಹೊಟ್ಟೆಗೆ ಚರುಮುರಿ ತುಂಬಿಸಿ ತಿನ್ನತೊಡಗಿದಳು. (ಪಾಟಿ ಒಮ್ಮೆಯೂ ಬಳಸದ ಹೊಸದು, ಓದುಗರು ಮುಖ ಸಿಂಡರಿಸಬೇಕಾಗಿಲ್ಲ.) ಮಾಡಬೇಕಾದ್ದನ್ನು ಸೋಫಾದ ಹಿಂದೆ ನಿಂತು ಮಾಡಿ ಮುಗಿಸುತ್ತಿದ್ದಳು.

"ಈ ಪ್ಲಾಸ್ಟಿಕ್ ಬಾತುಕೋಳಿಯಿಂದ ಎಂತ ಆಗ್ತದೆ ಮಾರಾಯ್ತಿ? ನಾವೆಲ್ಲ ಅಡಿಕೆ ಹಾಳೆಯಲ್ಲೇ ಕೂತು ದೊಡ್ಡವರಾದದ್ದು."

"ನಿಮಗೆ ಎಲ್ಲದಕ್ಕೂ ಹಾಳೆಯೇ. ನಾಳೆ ನನಗೆ ಸೀರೆಯೂ ಹಾಳೆಯದ್ದೇ ತರ್ತೀರಿ!"

ಕ್ಷಮಾ ಹೇಳಿದ್ದರಲ್ಲಿ ಹುರುಳಿತ್ತು. ಮನೆಯ ಪಕ್ಕದ ಶೆಡ್ಡಿನಲ್ಲಿ ಹಾಳೆತಟ್ಟೆ ಮಾಡುವ ಯಂತ್ರ ಕೂರಿಸಿದಂದಿನಿಂದ ಅವನಿಗೆ ಲೋಕದ ಸಕಲ ಸಂಕಟಗಳಿಗೂ ಅಡಿಕೆ ಹಾಳೆಯೇ ಪರಿಹಾರವಾಗಿ ಕಾಣುತ್ತಿತ್ತು. ಅಂಚು ಸೀಳಿದ ತಟ್ಟೆಯೊಂದನ್ನು ಹಿತ್ತಿಲಲ್ಲಿಟ್ಟು ಮಗಳನ್ನು ಕೂರಿಸಿದ. ಏನಾಶ್ಚರ್ಯ, ಕೆಲಸವಾಯಿತು! ಅಪ್ಪ ಚಪ್ಪಾಳೆ ತಟ್ಟಿದ. ತಟ್ಟೆ ಸರಕು ಸಮೇತ ತೆಂಗಿನ ಬುಡ ಸೇರಿತು. ವಾರದೊಳಗೆ ಮಗು "ಅಪ್ಪಾ, ತಟ್ಟೆ!" ಎಂದು ತಾನೇ ಓಡಿ ಬರುವಷ್ಟು ಪಳಗಿತು. ಶೌಚಸ್ವಾತಂತ್ರ್ಯ ಸಂಗ್ರಾಮದ ಸೇನಾನಿ ಎದೆಯುಬ್ಬಿಸಿ ಓಡಾಡಿದ.

"ಉಣ್ಣಲಿಕ್ಕೂ ಅದೇ, ಇದಕ್ಕೂ ಅದೇ ಅಂದ್ರೆ ಮಗುವಿಗೆ ಎಂತ ತಿಳಿಯುವುದು?" ಎಂದು ಕ್ಷಮಾ ಗೊಣಗಿದ್ದು ಸೇನಾನಿಯ ಕಿವಿಗೆ ಬೀಳಲಿಲ್ಲ.

ಆ ಶನಿವಾರ ತಟ್ಟೆ ನೋಡಲು ನಾಯ್ಮಾರ್ಮೂಲೆಯಿಂದ ಖೈರುನ್ನಿಸಾ ಬಂದರು. ಮದುವೆಯೂಟದ ಕ್ಯಾಟರಿಂಗಿನಲ್ಲಿ ಅವರದು ದೊಡ್ಡ ಹೆಸರು. ಅವರು ಒಪ್ಪಿದರೆ ಈ ವರ್ಷದ ಮದುವೆಗಳಿಗೆಲ್ಲ ಅವನದೇ ತಟ್ಟೆ. ಒಪ್ಪದಿದ್ದರೆ ಯಂತ್ರಕ್ಕೆ ಬಟ್ಟೆ ಹೊದಿಸಿ ಇಡುವುದೇ. ಕೇಶವಪ್ರಸಾದ ಜಗಲಿಯಲ್ಲಿ ಚಾಪೆ ಹಾಸಿ ತಟ್ಟೆಗಳನ್ನು ಸಾಲಾಗಿ ಜೋಡಿಸಿದ್ದ.

"ನೋಡ್ಲಿಕ್ಕೆ ಚಂದ ಉಂಟು ಭಟ್ರೇ. ಸಾರು ಹಾಕಿದ್ರೆ ಸೋರ್ತದಾ?"

"ಎಂತ ಮಾತು ಅಕ್ಕಾ! ಒಂದು ತೊಟ್ಟು ಸೋರಿದ್ರೆ ನನ್ನ ಹೆಸರು ಬದಲಾಯಿಸಿ. ಕ್ಷಮಾ, ಸ್ವಲ್ಪ ನೀರು ತಾ!"

ನೀರಿಗಿಂತ ಮೊದಲು ಅಮೂಲ್ಯಾ ಬಂದಳು. ಅಷ್ಟೊಂದು ತಟ್ಟೆಗಳನ್ನು ಒಟ್ಟಿಗೆ ಕಂಡು ಅವಳ ಕಣ್ಣರಳಿತು. ಅಪ್ಪ ಕೈ ಚಾಚುವಷ್ಟರಲ್ಲಿ ಚಡ್ಡಿ ಜಾರಿಸಿ, ನಡುವಿನ ದೊಡ್ಡ ತಟ್ಟೆಯನ್ನೇ ಆರಿಸಿ ಕೂತು, ಸುಸು ಮಾಡಿ, ಕಲಿತ ಪಾಠವನ್ನು ಲೋಪವಿಲ್ಲದೆ ಒಪ್ಪಿಸಿದಳು. ಎದ್ದವಳೇ ಚಪ್ಪಾಳೆಯನ್ನೂ ತಾನೇ ತಟ್ಟಿಕೊಂಡಳು.

ಕೇಶವಪ್ರಸಾದನಿಗೆ ಭೂಮಿ ಬಾಯ್ಬಿಡಬಾರದೇ ಅನಿಸಿತು. ಖೈರುನ್ನಿಸಾ ಬಗ್ಗಿ, ಚಾಪೆಯ ಅಂಚನ್ನು ಮೆಲ್ಲನೆ ಎತ್ತಿ ನೋಡಿದರು. ತಟ್ಟೆಯಡಿಯ ಚಾಪೆಯೂ ನೆಲವೂ ಒಣಗಿಯೇ ಇದ್ದವು.

"ಹೌದು ಭಟ್ರೇ, ಸೋರುವುದಿಲ್ಲ," ಎಂದವರೇ ಬಾಯಿಗೆ ಸೆರಗು ಅಡ್ಡ ಹಿಡಿದು ಮೈಯೆಲ್ಲ ಕುಲುಕುವಂತೆ ನಕ್ಕರು.

"ಹಾಗಾದ್ರೆ... ಆರ್ಡರು?"

"ಮದುವೆಗೆ ಬೇಡ ಮಾರಾಯ್ರೇ. ಇನ್ನು ಈ ತಟ್ಟೆಗೆ ಬಿರಿಯಾನಿ ಬಡಿಸ್ಲಿಕ್ಕೆ ನನ್ನ ಕೈ ಬರ್ಲಿಕ್ಕಿಲ್ಲ. ಆದ್ರೆ ನನ್ನ ಮಗಳು ನಾಝಿಯಾಳ ಹುಡುಗ ಇನ್ನೂ ಕರ್ಟನಿನ ಹಿಂದೆಯೇ ಹೋಗುವುದು. ಅವನಿಗೆ ಎರಡು ಕಟ್ಟು ಕೊಡಿ. ನಮ್ಮ ಕಡೆ ಮಕ್ಕಳಿರುವ ಮನೆ ತುಂಬ ಉಂಟು, ಎಲ್ಲರಿಗೂ ಹೇಳ್ತೇನೆ, ಭಟ್ರ ತಟ್ಟೆ ಇದಕ್ಕೆ ಭಾರೀ ಒಳ್ಳೆಯದು ಅಂತ."

ಅವರ ಕಾರು ಹೋದ ಮೇಲೂ ಅವನು ಜಗಲಿಯ ಮೆಟ್ಟಿಲಲ್ಲೇ ಕೂತಿದ್ದ. ಅಪ್ಪನ ಸಪ್ಪೆ ಮುಖ ನೋಡಲಾರದೆ ಅಮೂಲ್ಯಾ ಬಾತುಕೋಳಿಯನ್ನು ಎಳೆದು ತಂದು ಎದುರಿಗಿಟ್ಟಳು.

"ಅಪ್ಪಾ, ಚರುಮುರಿ. ತಿನ್ನು."

"ತಿನ್ನಿ, ತಿನ್ನಿ," ಒಳಗಿನಿಂದ ಕ್ಷಮಾ ಹೇಳಿದಳು. "ಈ ಮನೆಯಲ್ಲಿ ತಿನ್ನಲಿಕ್ಕೆ ಯೋಗ್ಯವಾದ ಪಾತ್ರೆ ಅಂತ ಉಳಿದದ್ದು ಅದೊಂದೇ."

ಕೇಶವಪ್ರಸಾದ ಆಚೀಚೆ ನೋಡಿ, ಬಾತುಕೋಳಿಯ ಹೊಟ್ಟೆಗೆ ಕೈ ಹಾಕಿದ.