ಅತ್ತಿಗೆಯ ಮೈಕೂ ಬಾಗಿಲ ಬಳಿಯ ಕುರ್ಚಿಯೂ

ಅಷ್ಟೆಲ್ಲ ರಂಪಕ್ಕೆ ಕಾರಣ ಬಟಾಣಿ ಕಾಳಿನಷ್ಟು ತಲೆಯ ಒಂದು ಮೈಕು. ಬೆಳಗ್ಗೆ ಆಫೀಸು ಶುರುವಾಗುತ್ತಿದ್ದ ಹಾಗೆ ಮ್ಯಾನೇಜರು ತಾವೇ ಅದನ್ನು ತಂದು ಅತ್ತಿಗೆಯ ಮೇಜಿನ ಮೇಲೆ ನಿಲ್ಲಿಸಿದರು.

ಯಾರ ಅತ್ತಿಗೆ ಎಂಬುದು ಅಲ್ಲಿ ಯಾರಿಗೂ ನೆನಪಿಲ್ಲ. ಹಿಂದೆ ಅವರ ಮೈದುನ ಅದೇ ಆಫೀಸಿನಲ್ಲಿದ್ದ. ಅವನು ಬೇರೆ ಕಡೆ ಹೋದ, ಅವನು ಕರೆಯುತ್ತಿದ್ದ ಹೆಸರು ಉಳಿಯಿತು. ಅದು ಲಿಫ್ಟ್ ಮಾಡುವ ಕಂಪನಿ. ಲಿಫ್ಟ್ ಕೆಟ್ಟು ಕೆಂಡವಾದ ಗಿರಾಕಿಗಳಿಗೆ ತಣ್ಣನೆಯ ಉತ್ತರ ಟೈಪ್ ಮಾಡಿ ಕಳಿಸುವುದು ಅತ್ತಿಗೆಯ ಕೆಲಸ. ಒಂದು ಕಾಲಕ್ಕೆ ಅವರ ಬೆರಳು ಕೀಬೋರ್ಡಿನ ಮೇಲೆ ಓಡುವುದನ್ನು ನೋಡಲು ಜನ ನಿಲ್ಲುತ್ತಿದ್ದರು. ಆಮೇಲೆ ನರದ ಕಾಯಿಲೆ ಬಂತು. ಈಗ ಹತ್ತು ಬೆರಳಲ್ಲಿ ಹೇಳಿದ ಮಾತು ಕೇಳುವುದು ಬಲಗೈ ತೋರುಬೆರಳೊಂದೇ, ಅದೂ ಅದಕ್ಕೆ ಮನಸ್ಸಿದ್ದರೆ.

ಬಾಯಲ್ಲಿ ಹೇಳಿದ್ದನ್ನು ಕಂಪ್ಯೂಟರು ತಾನೇ ಟೈಪ್ ಮಾಡಿಕೊಳ್ಳುವ ಏರ್ಪಾಡು ಇದೆ, ತರಿಸಿಕೊಡಿ ಎಂದು ಅತ್ತಿಗೆ ಕೇಳುತ್ತ ಬಂದು ವರ್ಷವಾಗಿತ್ತು. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬಂತೆ ಇಷ್ಟು ದಿನ ತಳ್ಳುತ್ತ ಬಂದ ಮ್ಯಾನೇಜರು ಅದನ್ನು ಇವತ್ತು ತರಿಸಿದ್ದರು.

"ಒಂದು ದಿನದ ಪರೀಕ್ಷೆ, ಅತ್ತಿಗೆ," ಎಂದರು. "ಸಂಜೆ ದೊಡ್ಡ ಸಾಹೇಬ್ರು ಬರ್ತಾರೆ. ಅವರು ಒಪ್ಪಿದ್ರೆ ಮೈಕು ನಿಮ್ಮದು. ಇಲ್ದಿದ್ರೂ ಚಿಂತೆ ಬೇಡ. ಕೆಳಗೆ ಬಾಗಿಲ ಹತ್ರ ಒಂದು ಕುರ್ಚಿ ಹಾಕಿಸಿದ್ದೀನಿ. ಬಂದವರನ್ನ ನೋಡಿ ನಗ್ತಾ ಇದ್ರೆ ಆಯ್ತು. ನಗೋದಕ್ಕೆ ಕೈ ಬೇಡವಲ್ಲ!"

ಆ ಕುರ್ಚಿಯನ್ನು ಅತ್ತಿಗೆ ಬರುವಾಗಲೇ ನೋಡಿದ್ದರು. ಮೆಟ್ಟಿಲ ಬುಡದಲ್ಲಿ, ಕುಂಡದ ಗಿಡದ ಪಕ್ಕ. ಗಿಡಕ್ಕಾದರೂ ಬೆಳೆಯುವ ಕೆಲಸವಿತ್ತು.

ಮೈಕಿನತ್ತ ಬಾಗಿ ಅತ್ತಿಗೆ ಮೆಲ್ಲಗೆ ಹೇಳಿದರು: "ಮಾನ್ಯರೇ, ನಿಮ್ಮ ಲಿಫ್ಟ್ ನಾಲ್ಕನೇ ಮಹಡಿಯಲ್ಲಿ ನಿಂತುಹೋದದ್ದಕ್ಕೆ ವಿಷಾದಿಸುತ್ತೇವೆ."

ಪರದೆಯ ಮೇಲೆ ಅಕ್ಷರಗಳು ಇರುವೆ ಸಾಲಿನಂತೆ ಹರಿದು ಬಂದವು. ಒಂದು ಕೊಂಬು, ಒಂದು ಒತ್ತು ತಪ್ಪಿರಲಿಲ್ಲ. ಅತ್ತಿಗೆಯ ಕಣ್ಣು ತುಂಬಿತು. ವಿಷಾದಿಸುವುದರಲ್ಲಿ ಇಷ್ಟು ಸಂತೋಷವಿದೆಯೆಂದು ಅವರಿಗೆ ಇದುವರೆಗೆ ಗೊತ್ತಿರಲಿಲ್ಲ.

ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ ಎನ್ನುತ್ತಾರೆ. ತೊಂದರೆಯೇನೆಂದರೆ, ಆ ಆಫೀಸಿನಲ್ಲಿ ಎಲ್ಲರಿಗೂ ಬಾಯಿತ್ತು. ಮೇಜುಗಳ ನಡುವೆ ಗೋಡೆಯಂತೂ ಇರಲಿಲ್ಲ. ಮೇಲು ಕೀಳು ಬೇಡವೆಂದು ದೊಡ್ಡ ಸಾಹೇಬರು ಅವನ್ನೆಲ್ಲ ಒಡೆಸಿಹಾಕಿದ್ದರು.

ಮೊದಲು ಬಂದವನು ಪಕ್ಕದ ಮೇಜಿನ ಪಂಡಿತ. ಓದಿ ಬಂದ ಬಿರುದಲ್ಲ. ಯಾವ ವಿಷಯ ಎತ್ತಿದರೂ "ಅದು ಹಾಗಲ್ಲ" ಎಂದು ಶುರುಮಾಡುವುದರಿಂದ ಬಂದದ್ದು.

"ಅದು ಹಾಗಲ್ಲ ಅತ್ತಿಗೆ, ಸ್ವಲ್ಪ ಜೋರಾಗಿ ಹೇಳಿ. ಹೊಸ ಮೆಷಿನ್ನು, ಕಿವಿ ಮಂದ ಇರುತ್ತೆ."

ಮೆಷಿನ್ನಿಗೆ ಕಿವಿ ಚುರುಕಾಗಿಯೇ ಇತ್ತು. ವಿಷಾದದ ಕೆಳಗೆ ಪಂಡಿತನ ಮಾತೂ ಅಚ್ಚುಕಟ್ಟಾಗಿ ಬಂದು ಕೂತಿತು.

"ಅಯ್ಯೋ, ಅದು ಯಾರು ಮಾತಾಡಿದ್ರೂ ಬರ್ಕೊಳ್ಳುತ್ತೆ ಮಾರಾಯ! ಅಳಿಸು," ಎಂದರು ಅತ್ತಿಗೆ. ಕೊನೆಯ ವಾಕ್ಯ ಮಾಯವಾಯಿತು.

ಪಂಡಿತನ ಕಣ್ಣು ಅರಳಿತು. "ಅಳಿಸು ಅಂದ್ರೆ ಅಳಿಸುತ್ತಾ? ನೋಡೋಣ. ಅಳಿಸು! ಅಳಿಸು! ಅಳಿಸು!"

ನೋಡಿದ. ಅತ್ತಿಗೆಯೂ ನೋಡಿದರು. ಪರದೆ ಒರೆಸಿದ ಹಲಗೆಯಂತೆ ಖಾಲಿಯಾಗಿತ್ತು.

ಹೊತ್ತು ಏರಿದ ಹಾಗೆ ಉಪಕಾರವೂ ಏರಿತು. ಹಿಂದಿನ ಮೇಜಿನ ಲೆಕ್ಕದ ಮಾವ ಫೋನಿನಲ್ಲಿ ಮಗಳಿಗೆ ತಮ್ಮ ಮೊಣಕಾಲು ನೋವಿನ ಚರಿತ್ರೆ ಹೇಳಿದರು, ಅದು ಒಂದು ಆಸ್ಪತ್ರೆಯ ಲಿಫ್ಟಿನ ಉತ್ತರದೊಳಗೆ ಸೇರಿತು. ಅತ್ತಿಗೆ ಕೈಮುಗಿಯಲಾಗದೆ ತಲೆಬಾಗಿಸಿ ಬೇಡಿಕೊಂಡರು: "ಇವತ್ತೊಂದು ದಿನ ಸ್ವಲ್ಪ ಮೆತ್ತಗೆ ಮಾತಾಡ್ರಪ್ಪ. ಸಂಜೆ ಒಳಗೆ ಇದನ್ನ ತೋರಿಸ್ಬೇಕು. ಇಲ್ಲಾಂದ್ರೆ ನನ್ನ ಆ ಕುರ್ಚಿಗೆ ಹಾಕ್ತಾರೆ."

ಎಲ್ಲರ ಮನಸ್ಸೂ ಕರಗಿತು. ಕೆಟ್ಟವರು ಅಲ್ಲಿ ಒಬ್ಬರೂ ಇರಲಿಲ್ಲ, ಅದೇ ಕಷ್ಟ. ಜನ ತುದಿಗಾಲಲ್ಲಿ ನಡೆದರು. ಲೆಕ್ಕದ ಮಾವ ಸೀನು ಬಂದರೆ ಮೆಟ್ಟಿಲವರೆಗೆ ಓಡಿಹೋಗಿ ಸೀನಿ ಬಂದರು, ಮೊಣಕಾಲು ನೋವಿದ್ದೂ. ಆ ಒಂದು ಗಂಟೆಯಲ್ಲಿ ಅತ್ತಿಗೆ ಒಂದು ವಾರದ ಕೆಲಸ ಮಾಡಿದರು. ತುಟಿ ಒಣಗಿತು, ಬೆನ್ನು ನೆಟ್ಟಗಾಯಿತು. ತಾನಿನ್ನೂ ಕೆಲಸಕ್ಕೆ ಬರುವವಳು ಎಂದು ತಿಳಿಯುವ ಸುಖವನ್ನು ಅನುಭವಿಸಿದವರೇ ಬಲ್ಲರು.

ಆದರೆ ಮೌನವೆಂಬುದು ಅಭ್ಯಾಸವಿಲ್ಲದವರಿಗೆ ಹೊಟ್ಟೆಯುಬ್ಬರವಿದ್ದಂತೆ. ಊಟದ ಹೊತ್ತಿಗೆ ಪಂಡಿತ ತಡೆಯಲಾರದೆ ಅತ್ತಿಗೆಯ ಕುರ್ಚಿಯ ಹಿಂದೆಯೇ ನಿಂತು ಲೆಕ್ಕದ ಮಾವನ ಕಿವಿಯಲ್ಲಿ ಪಿಸುಗುಟ್ಟಿದ: "ನಮ್ಮ ಮ್ಯಾನೇಜರು ಒಂದು ದಿನಾನಾದ್ರೂ ನಮ್ಮ ಲಿಫ್ಟ್ ಹತ್ತಿದ್ದು ನೋಡಿದ್ದೀರಾ ಮಾವ? ಮೆಟ್ಟಿಲೇ ಗತಿ. ಕೇಳಿದ್ರೆ ವ್ಯಾಯಾಮ ಅಂತಾರೆ. ವ್ಯಾಯಾಮ ಅಲ್ಲ, ಭಯ!"

ಅತ್ತಿಗೆ ಆಗ ನೀರು ಕುಡಿಯುತ್ತಿದ್ದರು. ಎರಡೂ ಅಂಗೈ ನಡುವೆ ಲೋಟ ಹಿಡಿದು ಕುಡಿಯುವಾಗ ಅವರಿಗೆ ಬೇರೆ ಕಡೆ ಗಮನವಿರುವುದಿಲ್ಲ. ಲೋಟ ಕೆಳಗಿಡುವಷ್ಟರಲ್ಲಿ ಪಂಡಿತ ಮುಂದೆ ಬಗ್ಗಿ, "ಮುಗೀತಲ್ಲ? ಪಾಪ, ನಿಮ್ಮ ಬೆರಳಿಗೆ ಯಾಕೆ ತೊಂದರೆ," ಎಂದು ಕಳಿಸುವ ಗುಂಡಿಯನ್ನು ತಾನೇ ಒತ್ತಿಬಿಟ್ಟ.

ಅತ್ತಿಗೆ ಪರದೆ ಓದಿದರು. ಇನ್ನೊಮ್ಮೆ ಓದಿದರು. ಹನ್ನೆರಡು ಮಹಡಿಯ ಕಟ್ಟಡದ ಗಿರಾಕಿಗೆ "ನಮ್ಮ ಲಿಫ್ಟುಗಳು ಸಂಪೂರ್ಣ ಸುರಕ್ಷಿತ" ಎಂಬ ವಾಕ್ಯ ಹೋಗಿತ್ತು. ಅದರ ಕೆಳಗೆ ಮ್ಯಾನೇಜರ ಭಯವೂ ಹೋಗಿತ್ತು.

ಸಂಜೆ ದೊಡ್ಡ ಸಾಹೇಬರು ಬಂದಾಗ ಅವರ ಫೋನಿನಲ್ಲಿ ಆ ಉತ್ತರ ಆಗಲೇ ಇತ್ತು. ಗಿರಾಕಿ ಅವರಿಗೇ ತಿರುಗಿಸಿ ಕಳಿಸಿದ್ದ. ಸಾಹೇಬರು ಎಲ್ಲರ ಮಧ್ಯೆ ನಿಂತು ಅದನ್ನು ಗಟ್ಟಿಯಾಗಿ ಓದಿದರು. ಮ್ಯಾನೇಜರ ಮುಖ ಸುಟ್ಟ ಬದನೆಕಾಯಿಯಾಯಿತು. ಪಂಡಿತ ತನ್ನ ಬೂಟಿನಲ್ಲಿ ಏನೋ ಹುಡುಕತೊಡಗಿದ.

"ಇದು ಯಾರು ಬರೆದದ್ದು?"

ಅತ್ತಿಗೆ ಎದ್ದು ನಿಂತರು.

"ನನ್ನ ಮೇಜಿಂದ ಹೋಯ್ತು ಸರ್. ಮೈಕಿನ ತಪ್ಪಿಲ್ಲ, ಅದು ಕೇಳಿದ್ದನ್ನ ಬರೆಯುತ್ತೆ. ನನ್ನ ಕೈ ಹೋಗಿದೆ, ತಲೆ ಹೋಗಿಲ್ಲ. ನನಗೆ ಕರುಣೆ ಬೇಡ, ಒಂದು ಬಾಗಿಲು ಕೊಡಿ. ಮುಚ್ಚಿಕೊಳ್ಳೋಕೆ ಒಂದು ಚಿಕ್ಕ ಕೋಣೆ. ಇಷ್ಟೇ."

ಸಾಹೇಬರು ಪರದೆ ನೋಡಿದರು. ಆ ದಿನ ಹೋದ ಉತ್ತರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅತ್ತಿಗೆಯದೇ. ಅವರು ಇದ್ದಕ್ಕಿದ್ದ ಹಾಗೆ ನಕ್ಕರು.

"ಆ ಗಿರಾಕಿ ಏನಂದ ಗೊತ್ತಾ? ಇಷ್ಟು ವರ್ಷದಲ್ಲಿ ನಿಮ್ಮ ಕಂಪನಿ ಬರೆದದ್ದನ್ನ ಕೊನೇವರೆಗೆ ಓದಿದ್ದು ಇದೇ ಮೊದಲು ಅಂದ! ಮೈಕು ಇಲ್ಲೇ ಇರುತ್ತಮ್ಮ. ಭೇಷ್!"

ಚಪ್ಪಾಳೆ ಬಿತ್ತು. ಪಂಡಿತನದೇ ಎಲ್ಲಕ್ಕಿಂತ ಜೋರು. ಅತ್ತಿಗೆ ಕಣ್ಣು ಮುಚ್ಚಿ ಉಸಿರು ಬಿಟ್ಟರು. ಕುರ್ಚಿಯ ಕಾಟ ತಪ್ಪಿತು.

"ಬಾಗಿಲು ಮಾತ್ರ ಕೇಳ್ಬೇಡಿ," ಎಂದು ಸಾಹೇಬರು ಮುಂದುವರಿಸಿದರು. "ನಿಮ್ಮನ್ನ ಬೇರೆ ಕೂರಿಸಿದ್ರೆ ನಾನು ಗೋಡೆ ಒಡೆಸಿದ್ದಕ್ಕೆ ಏನರ್ಥ? ನಮ್ಮಲ್ಲಿ ಎಲ್ಲರೂ ಒಂದೇ. ಒಬ್ಬರಿಗೆ ಕೊಟ್ಟು ಉಳಿದವರಿಗೆ ಕೊಡದೇ ಇರೋದೂ ಅನ್ಯಾಯ. ಕಾರಲ್ಲಿ ಒಂದು ಪೆಟ್ಟಿಗೆ ತುಂಬ ಮೈಕು ತಂದಿದ್ದೀನಿ. ಇವತ್ತಿಂದ ಎಲ್ಲರ ಮೇಜಿಗೂ ಒಂದೊಂದು!"

ಸಾಹೇಬರ ಕಾರು ಗೇಟು ದಾಟುವ ಮೊದಲೇ ಆಫೀಸು ಸಂತೆಯಾಯಿತು. ಬೆರಳು ಗಟ್ಟಿಮುಟ್ಟಾಗಿದ್ದವರೆಲ್ಲ ಬೆರಳಿಗೆ ರಜೆ ಕೊಟ್ಟು ಬಾಯಿ ಬಿಚ್ಚಿದರು. ಲೆಕ್ಕದ ಮಾವ ಕೂಡಿಸುವುದನ್ನೂ ಕಳೆಯುವುದನ್ನೂ ಕೂಗಿ ಹೇಳಿದರು. "ಅದು ಹಾಗಲ್ಲ, ಅಳಿಸು!" ಎಂದು ಪಂಡಿತ ಒಂದೇ ಸಮನೆ ಅರಚಿದ. ಅತ್ತಿಗೆ "ಮಾನ್ಯರೇ" ಎಂದರು. ಪಕ್ಕದಿಂದ "ಅಳಿಸು" ಬಂತು, ಮಾನ್ಯರು ಹೋದರು. ಮತ್ತೆ ಕರೆದರು, ಮತ್ತೆ ಹೋದರು. ಮೈಕಿಗೆ ತುಟಿ ತಗಲುವಷ್ಟು ಬಾಗಿದರೂ ಪರದೆಯ ಮೇಲೆ ಅವರದೊಂದು ಮಾತು ನಿಲ್ಲಲಿಲ್ಲ.

ಕೊನೆಗೆ ಅತ್ತಿಗೆ ಲ್ಯಾಪ್‌ಟಾಪನ್ನು ಎರಡೂ ಮುಂಗೈಯಲ್ಲಿ ಎದೆಗೊತ್ತಿ ಹಿಡಿದು, ಮೈಕನ್ನೂ ಅದರ ಜೊತೆ ಅವುಚಿಕೊಂಡು, ಸದ್ದಿಲ್ಲದ ಜಾಗ ಹುಡುಕುತ್ತ ಹೊರಟರು. ಊಟದ ಕೋಣೆಯಲ್ಲಿ ಇಬ್ಬರು ಮೈಕು ಪರೀಕ್ಷಿಸುತ್ತಿದ್ದರು. ಉಗ್ರಾಣಕ್ಕೆ ಬೀಗ. ಲಿಫ್ಟಿನಲ್ಲಿ ಕೆಳಗಿಳಿದರು. ಮೆಟ್ಟಿಲ ಬುಡದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಕುಂಡದ ಗಿಡದ ಪಕ್ಕದ ಕುರ್ಚಿಯಲ್ಲಿ ಕೂತು, ಮೊಣಕಾಲ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮೆಲ್ಲಗೆ ಹೇಳಿದರು: "ಮಾನ್ಯರೇ, ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ."

ಅಕ್ಷರಗಳು ಮತ್ತೆ ಇರುವೆ ಸಾಲಿನಂತೆ ಬಂದವು.

ಅಷ್ಟರಲ್ಲಿ ಮ್ಯಾನೇಜರು ಮೆಟ್ಟಿಲಿಳಿದು ಬಂದರು. ಅತ್ತಿಗೆಯನ್ನು ಆ ಕುರ್ಚಿಯಲ್ಲಿ ನೋಡಿ ಅವರ ಮುಖ ಅರಳಿತು.

"ಓಹೋ, ನೀವೇ ಬಂದು ಕೂತ್ರಾ? ಒಳ್ಳೇದಾಯ್ತು. ಹಾಗೇ ಬಂದವರನ್ನ ನೋಡಿ ಸ್ವಲ್ಪ ನಗ್ತಾ ಇರಿ."

ಮೈಕು ಅದನ್ನೂ ಬರೆದುಕೊಂಡಿತು. ಅತ್ತಿಗೆ ಪರದೆಯನ್ನೇ ನೋಡುತ್ತ "ಅಳಿಸು" ಎಂದರು. ವಾಕ್ಯ ಅಳಿಸಿಹೋಯಿತು. ಅವರು ಮಾತ್ರ ಕುರ್ಚಿಯಲ್ಲೇ ಇದ್ದರು.