ಎರಡನೇ ಪದರಿನ ಬಣ್ಣ

ದಿನವಿಡೀ ಒಂದು ಕೆಲಸ ಮಾಡಿ ಅದಕ್ಕೆ ಸಂಬಳ ಎಣಿಸುವವನು ಅದೇ ಕೆಲಸವನ್ನು ಮನೆಯಲ್ಲಿ ಮಾತ್ರ ಮಾಡಬಾರದು. ಮನೆಯಲ್ಲಿ ಸಂಬಳವಿಲ್ಲ ಎನ್ನುವುದು ದೊಡ್ಡ ಮಾತಲ್ಲ, ಮರ್ಯಾದೆಯೂ ಇರುವುದಿಲ್ಲ. ನಮ್ಮ ಪರಿಚಯದ ಅಡುಗೆಯವರೊಬ್ಬರು ಮದುವೆಮನೆಗಳಲ್ಲಿ ಪಂಕ್ತಿಗಟ್ಟಲೆ ಜನರಿಗೆ ಬಡಿಸಿ ಸೈ ಅನ್ನಿಸಿಕೊಂಡವರು. ಅವರು ಮನೆಯಲ್ಲಿ ಒಗ್ಗರಣೆ ಸೌಟು ಮುಟ್ಟಿದರೆ ಹೆಂಡತಿ, "ಸರೀರಿ ಆ ಕಡೆ, ಸಾಸಿವಿ ಹೊತ್ತಿಸ್ತೀರಿ" ಎನ್ನುತ್ತಾರಂತೆ. ನನ್ನ ಕಸುಬು ಬಣ್ಣ ಹೊಂದಿಸುವುದು. ಸೂರತ್ತಿನ ಒಂದು ಸೀರೆ ಮಿಲ್ಲಿನಲ್ಲಿ, ವ್ಯಾಪಾರಿ ತಂದುಕೊಡುವ ಬೆರಳಗಲದ ಬಟ್ಟೆಯ ಚೂರನ್ನು ನೋಡಿ, ಅದೇ ಬಣ್ಣ ಥಾನುಗಟ್ಟಲೆ ಸೀರೆಗೆ ಬರಬೇಕಾದರೆ ಏನನ್ನು ಎಷ್ಟು ಬೆರೆಸಬೇಕೆಂದು ಹೇಳುವುದು ನನ್ನ ಕೆಲಸ. ಮಿಲ್ಲಿನಲ್ಲಿ ನನ್ನ ಕಣ್ಣಿಗೆ ಒಂದು ಬೆಲೆಯಿದೆ. ಮನೆಯಲ್ಲಿ ಅದೇ ಕಣ್ಣು ಫ್ರಿಜ್ಜಿನಲ್ಲಿ ಎದುರಿಗೇ ಇರುವ ಮೊಸರಿನ ಡಬ್ಬಿಯನ್ನೂ ಕಾಣಲಾರದ್ದು ಎಂದು ಹೆಸರಾಗಿದೆ.

ನಾವಿರುವುದು ಅಲ್ಲಿಯ ವರಾಛಾ ಬಡಾವಣೆಯಲ್ಲಿ, ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿ. ನಮ್ಮ ನೆತ್ತಿಯ ಮೇಲೆ ಮನೆಯ ಒಡತಿ ಹಂಸಾಬೆನ್ ಇದ್ದಾರೆ. ಅವರ ಯಜಮಾನರಿಗೆ ಪಕ್ಕದ ಬೀದಿಯಲ್ಲೇ ವಜ್ರ ಪಾಲಿಶ್ ಮಾಡುವ ಕಾರ್ಖಾನೆ ಇದೆ. ಅವರ ವ್ಯಾಪಾರದಲ್ಲಿ ಹರಳಿಗೆ ಬಣ್ಣ ಇಲ್ಲದಷ್ಟೂ ಬೆಲೆ ಜಾಸ್ತಿ, ಒಂದಿಷ್ಟು ಹಳದಿ ಛಾಯೆ ಕಂಡರೂ ಮುಖ ಸಿಂಡರಿಸುತ್ತಾರೆ. ಬಣ್ಣವನ್ನೇ ಮಾರಿ ಬದುಕುವ ನನ್ನನ್ನು ಅವರು ಮೊದಲಿನಿಂದಲೂ ಸ್ವಲ್ಪ ಕನಿಕರದಿಂದಲೇ ನೋಡುತ್ತಾರೆ. ಒಳ್ಳೆಯ ಜನ. ಬಾಡಿಗೆಯ ಮಾತಾಡುವಾಗ ಹಂಸಾಬೆನ್ ಇಟ್ಟದ್ದು ಒಂದೇ ಷರತ್ತು. ಅವರ ಪಂಥದಲ್ಲಿ ಈರುಳ್ಳಿ, ಬೆಳ್ಳುಳ್ಳಿ ವರ್ಜ್ಯ; ಅದು ಈ ಕಟ್ಟಡದೊಳಗೆ ಬರಬಾರದು. ಮಾಂಸ ಮೊಟ್ಟೆಯ ಮಾತೇ ಬರಲಿಲ್ಲ, ಅದು ಬಾರದೆಂದು ಅವರು ನನ್ನ ಮುಖ ನೋಡಿಯೇ ತಿಳಿದಿದ್ದರು. ಮಗಳ ಶಾಲೆ ಹತ್ತಿರ, ಗಾಳಿ ಬೆಳಕು ಚೆನ್ನಾಗಿದೆ, ನಲ್ಲಿಯಲ್ಲಿ ನೀರು ಬರುತ್ತದೆ, ನಾನು ಒಪ್ಪಿಬಿಟ್ಟೆ. ಆಗ ನನ್ನ ಹೆಂಡತಿ ಸವಿತಾ ಬಾಗಲಕೋಟೆಯ ತವರಿನಲ್ಲಿದ್ದಳು. ಅವಳ ಪರವಾಗಿಯೂ ನಾನೇ ಒಪ್ಪಿದೆನೆಂಬುದನ್ನು ಅವಳು ಆಗಾಗ ನೆನಪಿಸುತ್ತಾಳೆ.

ಬಾಗಲಕೋಟೆ ಸೀಮೆಯವರಿಗೆ ಈರುಳ್ಳಿ ಎಂದರೆ ಏನೆಂದು ಬೇರೆ ಕಡೆಯವರಿಗೆ ಹೇಳಿ ತಿಳಿಸುವುದು ಕಷ್ಟ. ಉಳಿದವರಿಗೆ ಅದು ಅಡುಗೆಗೆ ಹಾಕುವ ಪದಾರ್ಥ. ನಮಗೆ ಅದು ಊಟದ ಜೊತೆಗಾರ. ರೊಟ್ಟಿಯ ಪಕ್ಕದಲ್ಲಿ ಮುಷ್ಟಿಯಿಂದ ಗುದ್ದಿದ ಉಳ್ಳಾಗಡ್ಡಿ ಇಲ್ಲದಿದ್ದರೆ ಸವಿತಾಗೆ ಊಟವಾದಂತೆಯೇ ಅನ್ನಿಸುವುದಿಲ್ಲ. ಆದರೂ ಮಾತಿಗೆ ತಪ್ಪದೆ ನಡೆದುಕೊಂಡಳು. ಇಂಗು, ಎಲೆಕೋಸುಗಳ ಸಹಾಯದಿಂದ ಸಂಸಾರ ತೂಗಿಸಿದಳು. ಭಾನುವಾರ ಸಂಜೆ ಲಾರಿಯಲ್ಲಿ, ಅಂದರೆ ತಳ್ಳುಗಾಡಿಯಲ್ಲಿ, ಪಾವ್‌ಭಾಜಿ ತಿನ್ನಲು ಹೋದರೆ ಪಾವ್ ನಮಗೆ ಬಿಟ್ಟು ಬದಿಗಿಟ್ಟ ಹೆಚ್ಚಿದ ಈರುಳ್ಳಿಯನ್ನು ತನ್ನತ್ತ ಎಳೆದುಕೊಳ್ಳುತ್ತಿದ್ದಳು. ಗಾಡಿಯವನು ಕೇಳದೆಯೇ ಇನ್ನೊಂದು ಹಿಡಿ ಹಾಕುತ್ತಿದ್ದ.

ಹೀಗಿರುವಾಗ ಅಡುಗೆಮನೆಯ ಕಪಾಟುಗಳ ವಿಷಯ ಬಂತು. ಹಳೆಯ ಕಾಲದ ಮರದ ಬಾಗಿಲುಗಳು. ಯಾವ ಕಾಲದಲ್ಲೋ ಹಚ್ಚಿದ ತಿಳಿಹಸಿರಿನ ಮೇಲೆ ಹಿಂದಿನ ಬಾಡಿಗೆದಾರರೆಲ್ಲರ ಒಗ್ಗರಣೆಯ ಜಿಡ್ಡು ಕೂತು, ಹಳೇ ಉಪ್ಪಿನಕಾಯಿಯಂಥ ಬಣ್ಣವಾಗಿತ್ತು. ಬಣ್ಣ ಹಚ್ಚಿಕೊಳ್ಳುತ್ತೇವೆ ಎಂದು ಸವಿತಾ ಕೇಳಿದಾಗ ಹಂಸಾಬೆನ್ ಸಂತೋಷದಿಂದಲೇ ಒಪ್ಪಿ, ಬಣ್ಣ ನಿಮ್ಮ ಇಷ್ಟ ಎಂದರು. ಕೆಳಗಿಳಿದು ಬಂದ ಸವಿತಾ ನನ್ನೆದುರು ನಿಂತು ತನ್ನ ಇಷ್ಟವನ್ನು ತಿಳಿಸಿದಳು.

"ಉಳ್ಳಾಗಡ್ಡಿ ಬಣ್ಣ ಹಚ್ಚೂಣು."

ನಾನು ಅವಳ ಮುಖ ನೋಡಿದೆ. "ಯಾಕ ಹಂಗ ನೋಡ್ತೀರಿ? ತಿನ್ನಾಕಂತೂ ಆಗವಲ್ದು, ನೋಡಾಕರ ಇರಲಿ."

ಅಂಗಡಿಗೆ ಹೋಗಿ ಬಣ್ಣದ ಚೀಟಿ ತೋರಿಸಿದರೆ ಯಂತ್ರವೇ ಬೆರೆಸಿಕೊಡುತ್ತದೆ. ಆದರೆ ಮನೆಯಲ್ಲಿ ಬಣ್ಣದ ಕಸುಬುದಾರನೊಬ್ಬ ಇರುವಾಗ ಯಂತ್ರದ ಮೊರೆಹೋಗುವುದು ನನಗೆ ಅವಮಾನ ಅನ್ನಿಸಿತು. ಬಿಳಿ ಆಯಿಲ್ ಪೇಂಟು, ಕೆಂಪು, ಹಳದಿ, ನೀಲಿ, ಕಪ್ಪು ಬಣ್ಣದ ಟ್ಯೂಬುಗಳು, ಟರ್ಪೆಂಟೈನಿನ ಡಬ್ಬಿ, ಉಪ್ಪುಕಾಗದ ಎಲ್ಲ ತಂದೆ. ಬಾಗಿಲುಗಳನ್ನು ಕಳಚಿ, ಸೋಡಾ ನೀರಿನಿಂದ ತೊಳೆದು, ತಿಕ್ಕಿ, ಪ್ರೈಮರ್ ಹಚ್ಚಿದೆ. ಇನ್ನು ಬೆರೆಸಬೇಕು ಎನ್ನುವಾಗ ಮಿಲ್ಲಿನ ಅಭ್ಯಾಸದಂತೆ, "ಸ್ಯಾಂಪಲ್ ಎಲ್ಲಿ?" ಎಂದೆ. ಸ್ಯಾಂಪಲ್ ಇಲ್ಲದೆ ಬಣ್ಣ ಹೊಂದಿಸುವವನು ನಮ್ಮ ಕಸುಬಿನಲ್ಲಿ ಸುಳ್ಳುಗಾರ. ಸವಿತಾ ನನ್ನನ್ನೇ ನೋಡುತ್ತ ನಿಂತಳು. ಆ ನೋಟದ ಅರ್ಥ ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಮಾರನೇ ದಿನ ಮಿಲ್ಲಿನಿಂದ ಬರುವಾಗ ಒಂದೇ ಒಂದು ಈರುಳ್ಳಿಯನ್ನು ಊಟದ ಡಬ್ಬಿಯಲ್ಲಿಟ್ಟುಕೊಂಡು ಬಂದೆ. ಮೆಟ್ಟಿಲ ಮೇಲೆ ಹಂಸಾಬೆನ್ ಎದುರಾಗಿ, "ಕೇಮ್ ಛೋ, ಭಾಯ್?" ಎಂದು ಕುಶಲ ಕೇಳಿದರು. ಡಬ್ಬಿಯನ್ನು ಎದೆಗವಚಿಕೊಂಡು ಕುಶಲವೆಂದೆ. ಪಕ್ಕದ ಕಟ್ಟಡದವರು ಬೆಳ್ಳುಳ್ಳಿ ಚಟ್ನಿ ಅರೆದರೆ ಇಲ್ಲಿಂದಲೇ ಮೂಗು ಮುಚ್ಚಿಕೊಳ್ಳುವಷ್ಟು ಸೂಕ್ಷ್ಮವಾದ ಮೂಗು ಅವರದು.

ಈರುಳ್ಳಿಯ ಹೊರ ಸಿಪ್ಪೆಗೆ ತಾಮ್ರದ ಛಾಯೆ. ಅದನ್ನು ಹೊಂದಿಸಲು ಹೋಗಿ ಕೆಂಪು ಜಾಸ್ತಿಯಾಯಿತು. ಬಿಳಿ ಸುರಿದೆ, ಪೆಪ್ಪರಮಿಂಟಿನ ಬಣ್ಣವಾಯಿತು. ಹಳದಿ ಹಾಕಿದೆ, ಇಟ್ಟಿಗೆಯಾಯಿತು. ಮಿಲ್ಲಿನಲ್ಲಿ ತೊಟ್ಟು ತೊಟ್ಟಾಗಿ ಅಳೆಯುವ ಉಪಕರಣಗಳಿವೆ. ಮನೆಯಲ್ಲಿ ಒಡೆದ ಪ್ಲಾಸ್ಟಿಕ್ ಚಮಚ. ಸಾರಿಗೆ ಉಪ್ಪು ಹೆಚ್ಚಾಯಿತೆಂದು ನೀರು, ನೀರು ಹೆಚ್ಚಾಯಿತೆಂದು ಬೇಳೆ ಹಾಕುತ್ತ ಹೋದವರ ಗತಿಯೇ ನನ್ನದೂ ಆಗಿ, ಡಬ್ಬಿಯಲ್ಲಿದ್ದ ಬಣ್ಣ ಬಕೆಟ್ಟಿಗೆ ಏರಿತು. ಕೊನೆಗೂ ಸಿಪ್ಪೆಯನ್ನು ಪಕ್ಕದಲ್ಲಿಟ್ಟರೆ ಯಾವುದು ಸಿಪ್ಪೆ, ಯಾವುದು ಬಣ್ಣ ಎಂದು ತಿಳಿಯದ ಹಾಗೆ ಕೂಡಿತು. ಹೆಂಡತಿಯನ್ನು ಕರೆದೆ. ಅವಳು ತಲೆ ಒಂದು ಕಡೆ ವಾಲಿಸಿ ನೋಡಿದಳು.

"ಛಲೋ ಆಗೇತ್ರಿ. ಆದ್ರ ಇದು ಮ್ಯಾಲಿನ ಸಿಪ್ಪಿ. ನಾ ಹೇಳಿದ್ದು ಎರಡನೇ ಪದರಿಂದು. ಅದರ ಬಣ್ಣಾನ ಬ್ಯಾರೆ."

ಕಸುಬುದಾರನಾಗಿ ನಾನು ಒಪ್ಪಲೇಬೇಕಾಯಿತು. ಎರಡನೇ ಪದರಿನಲ್ಲಿ ಕೆಂಪಿನ ಅಡಿಯಲ್ಲಿ ಒಂದು ನೀಲಿ ಅಡಗಿರುತ್ತದೆ. ಅದೇನೋ ಸರಿ, ಆದರೆ ಬಿಡಿಸಿದ ಸ್ವಲ್ಪ ಹೊತ್ತಿಗೆಲ್ಲ ಅದು ಬಾಡಿ ಮಂಕಾಗುತ್ತದೆ. ಸ್ಯಾಂಪಲ್ಲಿಗೆ ಪ್ರತಿ ದಿನವೂ ತಾಜಾ ಈರುಳ್ಳಿಯೇ ಬೇಕು. ಆಗ ಇನ್ನೊಂದು ತೊಡಕು ಎದುರಾಯಿತು. ಪದರು ಕಳಚಿಕೊಂಡ ಈರುಳ್ಳಿಯನ್ನು ಏನು ಮಾಡುವುದು? ಕಸದ ಬುಟ್ಟಿಗೆ ಹಾಕುವಂತಿಲ್ಲ. ನಮ್ಮ ಕಸವೂ ಮೇಲಿನ ಮನೆಯ ಕಸವೂ ಒಂದೇ ಡ್ರಮ್ಮಿಗೆ ಬೀಳುತ್ತವೆ, ಹಂಸಾಬೆನ್ ಅದರ ಮುಚ್ಚಳವನ್ನು ತಾವೇ ತೆರೆದು ನೋಡುವವರು.

"ಹೊರಗ ಒಗಿಯಾಕಂತೂ ಬರೂದಿಲ್ಲ," ಎಂದು ಸವಿತಾ ಗಂಭೀರವಾಗಿ ಯೋಚಿಸಿದಳು. "ಉಳದಿದ್ದು ಒಂದ ದಾರಿ."

ಆ ಸಂಜೆ ಅಡುಗೆಮನೆಯ ಕಿಟಕಿಯಲ್ಲಿ ಟರ್ಪೆಂಟೈನ್ ಡಬ್ಬಿಯ ಮುಚ್ಚಳ ಪೂರ್ತಿ ತೆರೆದಿತ್ತು. ಊಟಕ್ಕೆ ಕೂತರೆ ತಟ್ಟೆಯಲ್ಲಿ, ಈರುಳ್ಳಿಯಿಲ್ಲದೆ ಆಗದ ಕಡಲೆಹಿಟ್ಟಿನ ಜುಣಕ. ಒಂದು ತುತ್ತು ಬಾಯಿಗಿಟ್ಟೆ. ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಇಲ್ಲೇ ಹುಟ್ಟಿ ಬೆಳೆದ, ಕನ್ನಡ ಕೇಳಿದರೆ ಗುಜರಾತಿಯಲ್ಲಿ ಉತ್ತರ ಕೊಡುವ ನಮ್ಮ ಮಗಳು ಸೃಷ್ಟಿ ಕೂಡ ಮಾತಾಡದೆ ಎರಡನೇ ಸಲ ಹಾಕಿಸಿಕೊಂಡಳು.

ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಬಣ್ಣದ ವಿಷಯದಲ್ಲಿ ಬಹಳ ಕಟ್ಟುನಿಟ್ಟು ಬಂದಿತು. ಸಂಜೆ ಟ್ಯೂಬ್‌ಲೈಟಿನಲ್ಲಿ ಸರಿಯಾಗಿದ್ದ ಬಣ್ಣ ಮುಂಜಾನೆಯ ಬಿಸಿಲಿನಲ್ಲಿ ಸವಿತಾಗೆ ಸರಿಯಾಗುತ್ತಿರಲಿಲ್ಲ. ಬೆಳಕು ಬದಲಾದರೆ ಬಣ್ಣ ಬದಲಾಗುವುದು ನಿಜವೇ. ಮಿಲ್ಲಿನಲ್ಲಿ ಇದಕ್ಕಾಗಿಯೇ ಬೇರೆ ಬೇರೆ ದೀಪಗಳ ಪೆಟ್ಟಿಗೆ ಇಟ್ಟಿದ್ದೇವೆ. ಒದ್ದೆಯಿದ್ದಾಗ ಹೊಂದಿದ್ದು ಒಣಗಿದ ಮೇಲೆ ಗಾಢವಾಗುವುದೂ ನಿಜ. "ಒಂದೀಟ ಕಪ್ಪ ಆತಲ್ರೀ," ಎನ್ನುವಳು. "ಇವತ್ತ ಒಂದರ ಮ್ಯಾಲ ಬಿಡಬ್ಯಾಡ್ರಿ, ಅರ್ಧಾ ಕಿಲೋ ತರ್ರಿ. ಎಲ್ಲಾ ಉಳ್ಳಾಗಡ್ಡಿ ಒಂದ ಬಣ್ಣ ಇರೂದಿಲ್ಲ." ಇದೂ ಶಾಸ್ತ್ರೀಯವಾಗಿ ಸರಿಯಾದ ಮಾತೇ. ಆಮೇಲಾಮೇಲೆ ಅವಳು ಒಪ್ಪಿದರೂ ನಾನೇ ಒಪ್ಪದಂತಾದೆ. "ಇಲ್ಲ, ನೀಲಿ ಸ್ವಲ್ಪ ಕಡಿಮೆಯಾಗಿದೆ," ಎಂದು ಚಮಚ ಕೆಳಗಿಟ್ಟು ಕೈತೊಳೆದು ಊಟಕ್ಕೆ ಕೂರುತ್ತಿದ್ದೆ. ಮೆಟ್ಟಿಲ ಮೇಲೆ ಸಿಕ್ಕಾಗೆಲ್ಲ ಹಂಸಾಬೆನ್, ಪೇಂಟಿನ ವಾಸನೆಗೆ ತಲೆ ಸಿಡಿಯುತ್ತಿದೆ, ಇನ್ನೂ ಮುಗಿಯಲಿಲ್ಲವೇ ಎಂದು ಕೇಳುತ್ತಿದ್ದರು. ಬಣ್ಣ ಹೊಂದುತ್ತಿಲ್ಲ ಎನ್ನುತ್ತಿದ್ದೆ. ಅಷ್ಟು ದೊಡ್ಡ ಮಿಲ್ಲಿನ ಮನುಷ್ಯನಿಗೆ ಹೀಗಾಯಿತಲ್ಲ ಎಂದು ಮರುಗುತ್ತ ಮೇಲೆ ಹೋಗುತ್ತಿದ್ದರು.

ಆದರೆ ಯಾವ ಸುಖಕ್ಕೂ ಕೊನೆಯಿದೆ. ಬಾಗಿಲಿಲ್ಲದ ಕಪಾಟಿಗೆ ಜಿರಲೆಗಳು ಬರತೊಡಗಿದವು. ಬಾಗಿಲುಗಳಿಗೆ ಬಣ್ಣ ಹಚ್ಚಿ ಕೂರಿಸಲೇಬೇಕಾಯಿತು. ಹಚ್ಚಿದೆ. ನನ್ನ ಬಾಯಲ್ಲಿ ನಾನೇ ಹೇಳಬಾರದು, ಅಂಥ ಬಣ್ಣವನ್ನು ನಾನು ಮಿಲ್ಲಿನಲ್ಲಿಯೂ ಎಂದೂ ಹೊಂದಿಸಿರಲಿಲ್ಲ. ಬೆಳಗಿನ ಬಿಸಿಲು ಬಿದ್ದರೆ ಈಗಷ್ಟೇ ಬಿಡಿಸಿದ ಹಾಗೆ ಒದ್ದೆ ಒದ್ದೆಯಾಗಿ ಹೊಳೆಯುತ್ತಿತ್ತು.

ಭಾನುವಾರ ಹಂಸಾಬೆನ್ ನೋಡಲು ಬಂದರು. ಕಪಾಟುಗಳ ಮುಂದೆ ನಿಂತು, "ಬಹು ಸರಸ್!" ಎಂದು ಮೆಚ್ಚಿಕೊಂಡರು. ಯಾವ ಬಣ್ಣ ಇದು ಎಂದು ಕೇಳಿದರು. ನಾನು ಗುಲಾಬಿ ಎಂದೆ. ಸೃಷ್ಟಿ ಟಿವಿಯಿಂದ ಕಣ್ಣು ತೆಗೆಯದೆ, "ನಾ, ಪಪ್ಪಾ! ಡುಂಗಳಿ ಕಲರ್," ಎಂದಳು. ಡುಂಗಳಿ ಎಂದರೆ ಗುಜರಾತಿಯಲ್ಲಿ ಈರುಳ್ಳಿ. ಸವಿತಾ ಚಹಾದ ಪಾತ್ರೆಯನ್ನು ಅಗತ್ಯವಿಲ್ಲದಿದ್ದರೂ ಒಲೆಯಿಂದ ಇಳಿಸಿದಳು.

ಹಂಸಾಬೆನ್ ನಕ್ಕುಬಿಟ್ಟರು. "ಅರೆ, ಓನಿಯನ್! ನನ್ನ ಹತ್ತಿರವೂ ಆ ಬಣ್ಣದ ಸೀರೆ ಇದೆಯಲ್ಲ. ರಂಗ್ ಖಾನೇ ಕಾ ಥೋಡೀ ಹೈ?" ಬಣ್ಣವನ್ನು ಯಾರಾದರೂ ತಿನ್ನುತ್ತಾರೆಯೇ ಎಂದ ಮೇಲೆ ಮುಗಿಯಿತಲ್ಲ. ನಾನು ಉಸಿರು ಬಿಟ್ಟೆ. ಚಹಾ ಕುಡಿದು ಅವರು ಹೊರಟಿದ್ದರೆ ಎಲ್ಲವೂ ಸುಸೂತ್ರವಾಗಿರುತ್ತಿತ್ತು. ಆದರೆ ಅವರು ಬಾಗಿಲನ್ನು ಬೆರಳಿನಿಂದ ಸವರಿ ಒಂದು ಮಾತು ಕೇಳಿದರು. "ಅಂಗಡಿಯ ಸೀರೆಯಲ್ಲಿ ಈ ಬಣ್ಣ ಇಷ್ಟು ಚೆನ್ನಾಗಿ ಬರುವುದಿಲ್ಲ, ಭಾಯ್. ಇದು ಅಸಲಿ ಇದ್ದ ಹಾಗಿದೆ. ಹೇಗೆ ಮಾಡಿದಿರಿ?"

ಇಷ್ಟು ವರ್ಷಗಳ ನೌಕರಿಯಲ್ಲಿ ಯಾರೂ ನನ್ನನ್ನು ಹೇಗೆ ಮಾಡಿದಿರಿ ಎಂದು ಕೇಳಿದ್ದಿಲ್ಲ. ಯಾವಾಗ ಕೊಡ್ತೀರಿ ಎಂದು ಕೇಳುತ್ತಾರೆ, ಅಷ್ಟೇ. ನಾನು ಎದ್ದು ನಿಂತೆ. ಹೊರ ಸಿಪ್ಪೆಗೂ ಎರಡನೇ ಪದರಿಗೂ ಇರುವ ವ್ಯತ್ಯಾಸವನ್ನು ವಿವರಿಸಿದೆ. ಕೆಂಪಿನೊಳಗೆ ಅಡಗಿರುವ ನೀಲಿಯನ್ನು ಹುಡುಕಿದ ಬಗೆಯನ್ನು ಹೇಳಿದೆ. ಹಿಂದೆ ಸವಿತಾ ಕೆಮ್ಮಿದಳು. ಚಮಚ ಬಿದ್ದ ಸದ್ದಾಯಿತು. "ಮುಖ್ಯ ಏನೆಂದರೆ ಬೆನ್, ಪದರು ಬಹಳ ಬೇಗ ಬಾಡುತ್ತದೆ. ಆದ್ದರಿಂದ ಪ್ರತಿ ದಿನ ತಾಜಾ ಬೇಕು."

"ತಾಜಾ?" ಎಂದರು ಹಂಸಾಬೆನ್.

"ಒಮ್ಮೊಮ್ಮೆ ಅರ್ಧ ಕಿಲೋ," ಎಂದೆ. ಆಮೇಲೆ ನನ್ನ ಧ್ವನಿ ನನಗೇ ಕೇಳಿಸಿತು.

ಸೃಷ್ಟಿ ಟಿವಿಯ ಸದ್ದನ್ನು ತಾನಾಗಿಯೇ ಕಡಿಮೆ ಮಾಡಿದ್ದು ನನಗೆ ಗೊತ್ತಿದ್ದಂತೆ ಅದೊಂದೇ ಸಲ. ಹಂಸಾಬೆನ್ ಟರ್ಪೆಂಟೈನ್ ಡಬ್ಬಿಯನ್ನು ನೋಡಿದರು, ಒಲೆಯನ್ನು ನೋಡಿದರು, ಕಿಟಕಿಯಾಚೆ ತಮ್ಮ ಅಡುಗೆಮನೆಯ ಕಡೆ ಕಣ್ಣೆತ್ತಿದರು. ಈ ವಯಸ್ಸಿನಲ್ಲಿ ಸಾಮಾನು ಕಟ್ಟಿಕೊಂಡು ಮನೆ ಹುಡುಕುವುದು ಹೇಗೆಂದು ನಾನು ಲೆಕ್ಕ ಹಾಕತೊಡಗಿದೆ.

"ಮದುವೆಗೆ ಮುಂಚೆ," ಎಂದರು ಅವರು ಹಿಂದಿಯಲ್ಲಿ, ಸವಿತಾಗೆ, "ಹೊಲದಲ್ಲಿ ಸಜ್ಜೆ ರೋಟ್ಲೋ ಜೊತೆ ನಾವೂ ತಿನ್ನುತ್ತಿದ್ದೆವು. ಕೈಯಿಂದ ಗುದ್ದಿ." ಅವರು ಮುಷ್ಟಿ ಹಿಡಿದು ತೋರಿಸಿದರು. ಸವಿತಾ ತಲೆಯಾಡಿಸಿದಳು. ಮತ್ತೆ ಹಂಸಾಬೆನ್ ಸೆರಗು ಸರಿಮಾಡಿಕೊಂಡು ನನ್ನ ಕಡೆ ತಿರುಗಿದರು. "ಕಲರ್ ಕಾ ಕಾಮ್ ಪೂರಾ ಹೋ ಗಯಾ?"

"ಪೂರಾ, ಬೆನ್."

"ತೋ ಡುಂಗಳಿ ಕಾ ಕಾಮ್ ಭೀ ಪೂರಾ."

ಬಣ್ಣದ ಕೆಲಸದ ಜೊತೆ ಈರುಳ್ಳಿಯ ಕೆಲಸವೂ ಮುಗಿಯಿತು ಎಂದು, ಅಷ್ಟೇ ಹೇಳಿದರು. ನಾವು ಮನೆ ಬಿಡಬೇಕಾಗಲಿಲ್ಲ. ಮೆಟ್ಟಿಲ ತನಕ ಹೋದವರು ತಿರುಗಿ ನಿಂತು, ತಮ್ಮ ಮನೆಯಲ್ಲೂ ಒಂದು ಹಳೆಯ ಬೀರು ಇದೆ, ಇಷ್ಟೆಲ್ಲ ವಿದ್ಯೆ ಇರುವವರು ಅದಕ್ಕೂ ಬಣ್ಣ ಹಚ್ಚಿಕೊಡಬೇಕು ಎಂದರು. ಅದು ಕೋರಿಕೆಯ ಧಾಟಿಯಲ್ಲಿರಲಿಲ್ಲ. ಸ್ಯಾಂಪಲ್ಲಿಗೆಂದು ಒಂದು ಹಿಡಿ ಹೆಸರುಕಾಳು ಕಳಿಸಿದರು. ಬಾಡುವುದಿಲ್ಲ, ವಾಸನೆಯಿಲ್ಲ, ಎರಡನೇ ಪದರಿನ ರಗಳೆಯಿಲ್ಲ.

ಮುಂದಿನ ಭಾನುವಾರ ಬಕೆಟ್ಟು, ಟ್ಯೂಬುಗಳು, ಟರ್ಪೆಂಟೈನ್ ಎಲ್ಲವನ್ನೂ ಹೊತ್ತು ಮೇಲೆ ಹೋದೆ. ಕೈ ಕುದುರಿತ್ತು. ಮೊದಲ ಪ್ರಯತ್ನಕ್ಕೇ ಹೆಸರುಕಾಳಿನ ಹಸಿರು ಕೂಡಿಬಂತು. ಹಂಸಾಬೆನ್ ಒಂದೇ ನೋಟಕ್ಕೆ ಒಪ್ಪಿ ತಟ್ಟೆ ತುಂಬ ಢೋಕ್ಲಾ ಕೊಟ್ಟರು. ಸಂಜೆಯೊಳಗೆ ಬೀರು ಮುಗಿಯಿತು. ಅವರ ಯಜಮಾನರು ಕೂಡ ಭೂತಗನ್ನಡಿ ಹಿಡಿದು ನೋಡಿ ತಲೆದೂಗಿದರು. ಢೋಕ್ಲಾದ ತಟ್ಟೆ ಹಿಡಿದು, ಎದೆಯುಬ್ಬಿಸಿಕೊಂಡು ಕೆಳಗೆ ಬಂದು, ಒಂದೇ ಏಟಿಗೆ ಮುಗಿಸಿದೆ ಎಂದು ಹೆಂಡತಿಗೆ ಹೇಳಿದೆ.

ಸವಿತಾ ಎಲೆಕೋಸು ಹೆಚ್ಚುತ್ತಿದ್ದವಳು ಕೈ ನಿಲ್ಲಿಸಿದಳು. "ಒಂದ ದಿನದಾಗ ಮುಗಿಸಿದ್ರಿ? ಅವರ ಮನ್ಯಾಗ ಎಂಟ ದಿನ ಪೇಂಟಿನ ವಾಸನಿ ಇದ್ದಿದ್ರ ಕೆಳಗಿನ ಉಳ್ಳಾಗಡ್ಡಿ ವಾಸನಿ ಅವರಿಗೆ ಏನ ಗೊತ್ತಾಗ್ತಿತ್ತು?" ಎಂದು ಕೇಳಿ, ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ನಿಟ್ಟುಸಿರುಬಿಟ್ಟಳು. "ನಿಮಗ ಕೆಲಸ ಬರ್ತೈತ್ರಿ. ಎಲ್ಲಿ ಕೆಡಿಸಬೇಕು ಅನ್ನೂದು ಬರೂದಿಲ್ಲ."

ಢೋಕ್ಲಾದ ತಟ್ಟೆಯನ್ನು ನಾನು ಮೆಲ್ಲಗೆ ಕೆಳಗಿಟ್ಟೆ.